ಗೊರಬಿನ ಕೆಳಗೆ ಇಪ್ಪತ್ತೇಳು ಚಿತ್ರ

ಮಲೆನಾಡಿನ ಮಳೆಗಾಲದಲ್ಲಿ ಹೊರಗೆ ಕೂತು ವಾಟರ್‌ಕಲರ್ ಮಾಡಕ್ಕಾಗಲ್ಲ ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಬೆಂಗಳೂರಿನಲ್ಲಿ ಚಿತ್ರಕಲೆ ಕಲಿಸುವ ಗೆಳೆಯ ಹೇಳಿದ. ಪೇಪರ್ ಮಾರುವ ಅಂಗಡಿಯವನೇ ಹೇಳಿದ, ಅವನಿಗೆ ವ್ಯಾಪಾರ ಬೇಡವಾಗಿತ್ತೋ ಏನೋ. ಪಕ್ಕದ ತೋಟದವರಂತೂ ಬೇಲಿಯಾಚೆ ನಿಂತು, "ಎಂತ ಮಾರಾಯಾ, ಮಳೆಯಲ್ಲಿ ಕೂತು ಮಳೆ ಬಿಡಿಸ್ತೀಯಾ?" ಅಂತ ನಕ್ಕರು. ಮೂರು ವರ್ಷ ಅವರು ಹೇಳಿದ್ದೇ ಸರಿಯಾಯಿತು. ನಾಲ್ಕನೇ ವರ್ಷ ಸರಿಯಾಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಸಾಗರ ಪೇಟೆಯಿಂದ ಒಂದಿಪ್ಪತ್ತು ಕಿಲೋಮೀಟರ್ ಒಳಗೆ. ಮನೆ ಹಿಂದೆ ಅಡಿಕೆ ತೋಟ, ಅದರ ಕೆಳಗೆ ಗದ್ದೆ ಬಯಲು, ಆಚೆಗೆ ಸೊಪ್ಪಿನ ಬೆಟ್ಟ. ಗದ್ದೆ ಅಂಚಿನಲ್ಲಿ ಮತ್ತಿ ಮರದ ಬುಡಕ್ಕೆ ಒಂದು ಚಪ್ಪಟೆ ಕಲ್ಲಿದೆ. ನಾನು ಮಾಡಿದ್ದು ಇಷ್ಟೇ. ಆ ಕಲ್ಲಿನ ಮೇಲೆ ಕೂತು, ಅದೇ ಬಯಲು, ಅದೇ ಬೆಟ್ಟವನ್ನು ವರ್ಷವಿಡೀ ಬಿಡಿಸಿದೆ. ತಿಂಗಳ ಲೆಕ್ಕ ಇಟ್ಟುಕೊಳ್ಳಲಿಲ್ಲ. ಮಳೆ ನಕ್ಷತ್ರದ ಲೆಕ್ಕ. ಒಂದೊಂದು ನಕ್ಷತ್ರಕ್ಕೆ 13-14 ದಿನ, ವರ್ಷಕ್ಕೆ 27. ವಿಶಾಖ ಮಳೆ ಆದ ಮೇಲೆ ಯಾರೂ ಮಳೆ ಹೆಸರು ಹೇಳಲ್ಲ, ಆದರೆ ಪಂಚಾಂಗದಲ್ಲಿ ಸೂರ್ಯ ನಡೀತಾನೇ ಇರ್ತಾನಲ್ಲ. ರೋಹಿಣಿಯಲ್ಲಿ ಶುರು ಮಾಡಿ ಮುಂದಿನ ಕೃತ್ತಿಕೆಗೆ ಮುಗಿಸಿದೆ.

ಮೊದಲು ಕೆಟ್ಟದ್ದನ್ನು ಹೇಳಿಬಿಡ್ತೀನಿ.

ಮೊದಲ ವರ್ಷ ಒಂದು ದೊಡ್ಡ ಛತ್ರಿ ತಂದೆ, ಸಂತೆಯಲ್ಲಿ ತರಕಾರಿಯವರು ಹಾಕ್ತಾರಲ್ಲ, ಅಂಥದ್ದು. 1,800 ಕೊಟ್ಟ ನೆನಪು. ಅಡಿಕೆ ದಬ್ಬೆಗೆ ಕಟ್ಟಿ ನಿಲ್ಲಿಸಿದೆ. ಆರಿದ್ರಾ ಮಳೆಯ ಗಾಳಿಗೆ ಛತ್ರಿ, ದಬ್ಬೆ, ಚಿತ್ರ ನಿಲ್ಲಿಸುವ ಈಸೆಲ್ ಮೂರೂ ಒಟ್ಟಿಗೆ ಗದ್ದೆಗೆ ಬಿದ್ದವು. ಅಲ್ಯೂಮಿನಿಯಂ ಈಸೆಲ್‌ನ ಕಾಲು ಮುರಿಯಿತು, ಅದು 2,600. ನಿಂತು ಬಿಡಿಸುವ ಆಸೆ ಅಲ್ಲಿಗೆ ಬಿಟ್ಟೆ. ಅದೇ ವಾರ ಇನ್ನೊಂದಾಯಿತು. ಇಂಬಳ, ಅಂದರೆ ಜಿಗಣೆ, ಹತ್ತಿ ಬೆರಳ ಸಂದಿಯಿಂದ ರಕ್ತ ಇಳಿದದ್ದು ನನಗೆ ಗೊತ್ತೇ ಆಗಲಿಲ್ಲ. ಆಕಾಶದ ಮೇಲೆ ಎರಡು ಹನಿ. ಒದ್ದೆ ಪೇಪರ್ ಮೇಲೆ ಕೆಂಪು ಹರಡಿ, ಒಣಗಿದ ಮೇಲೆ ತುಕ್ಕಿನ ಬಣ್ಣವಾಯಿತು. ಸುಣ್ಣ-ಹೊಗೆಸೊಪ್ಪು ಬಟ್ಟೆಯಲ್ಲಿ ಕಟ್ಟಿ ಕಾಲಿಗೆ ಉಜ್ಜಿಕೊಂಡು ಹೋಗೋದನ್ನು ಆಮೇಲೆ ರೂಢಿ ಮಾಡಿಕೊಂಡೆ. ಹುಟ್ಟಿದಾಗಿಂದ ಗೊತ್ತಿದ್ದ ವಿದ್ಯೆ. ಬ್ರಷ್ ಹಿಡಿದಾಗ ಮರೆತುಹೋಗಿತ್ತು, ಅಷ್ಟೇ.

ಎರಡನೇ ವರ್ಷ ಬುದ್ಧಿವಂತಿಕೆ ಮಾಡಿದೆ. ಫೋಟೋ ತೆಗೆದುಕೊಂಡು ಬಂದು ಒಳಗೆ ಕೂತು ಬಿಡಿಸೋದು. ಪೇಪರ್ ಒಣಗಲಿ ಅಂತ ತೇವ ಹೀರುವ ಒಂದು ಮಿಷನ್ನೂ ತಂದೆ. ಹದಿನಾಲ್ಕು ಸಾವಿರ! ಇಲ್ಲಿ ಜುಲೈನಲ್ಲಿ ಕರೆಂಟು ಇರುವ ಹೊತ್ತಿಗಿಂತ ಇಲ್ಲದ ಹೊತ್ತೇ ಜಾಸ್ತಿ, ಇದ್ದಾಗಲೂ ವೋಲ್ಟೇಜ್ ಇರಲ್ಲ. ಅದು ಈಗ ಅಟ್ಟದ ಮೇಲಿದೆ. ಆ ವರ್ಷದ ಚಿತ್ರಗಳು ಚೆನ್ನಾಗಿಯೇ ಇದ್ದವು, ಸೊಸೈಟಿಯವರು ಕೊಡುವ ಕ್ಯಾಲೆಂಡರ್‌ನಷ್ಟು ಚೆನ್ನಾಗಿ. ಕಲಿಸುವ ಗೆಳೆಯ ನೋಡಿ ಬೆನ್ನು ತಟ್ಟಿದ. ನನಗೆ ಅದರಲ್ಲಿ ಒಂದು ಹನಿ ಮಳೆಯೂ ಕಾಣಲಿಲ್ಲ.

ಮೂರನೇ ವರ್ಷದ ಹೊಡೆತ ಪೇಪರ್‌ಗೆ. ನೂರಕ್ಕೆ ನೂರು ಹತ್ತಿಯ, 300 ಜಿಎಸ್‌ಎಂ ದಪ್ಪದ ಪೇಪರ್, ದೊಡ್ಡ ಶೀಟಿಗೆ 500ರ ಆಸುಪಾಸು. ಒಟ್ಟಿಗೆ ತಂದರೆ ಕಡಿಮೆ ಬೀಳುತ್ತೆ ಅಂತ 20 ಶೀಟ್ ತರಿಸಿ ಬೀರುವಿನಲ್ಲಿಟ್ಟೆ. ಆಶ್ಲೇಷ ಮಳೆ ಹೊತ್ತಿಗೆ ತೆಗೆದು ನೋಡಿದರೆ 11 ಶೀಟಿಗೆ ಬೂಸ್ಟು. ಕಣ್ಣಿಗೆ ಚೆನ್ನಾಗಿ ಕಂಡವೂ ಹಾಳಾಗಿದ್ದವು. ಬ್ರಷ್ ಇಟ್ಟ ಕಡೆ ಬಣ್ಣ ಸೊರ್ರನೆ ಒಳಗಿಳಿಯುತ್ತಿತ್ತು, ಬ್ಲಾಟಿಂಗ್ ಪೇಪರ್ ತರ. ತೇವಕ್ಕೆ ಸೈಜಿಂಗ್, ಅಂದರೆ ಬಣ್ಣ ಒಳಗಿಳಿಯದ ಹಾಗೆ ಪೇಪರ್‌ಗೆ ಹಾಕುವ ಅಂಟು, ಸತ್ತಿತ್ತು. ನಿಮ್ಮಲ್ಲಿ ಕರಾವಳಿಯವರಿಗೆ ಈ ಸಂಕಟ ಗೊತ್ತಿರುತ್ತೆ.

ಈಗ ಪೇಪರನ್ನು ತಗಡಿನ ಅಕ್ಕಿ ಡಬ್ಬಿಯಲ್ಲಿ ಇಡ್ತೀನಿ. ತಳಕ್ಕೆ ಒಂದು ಪಾತ್ರೆಯಲ್ಲಿ ಸುಡುಸುಣ್ಣದ ಕಲ್ಲು, ಮೇಲೆ ಬಟ್ಟೆ, ಅದರ ಮೇಲೆ ಜಾಲರಿ, ಆಮೇಲೆ ಪೇಪರ್. ನೀರು ಹಾಕದ ಸುಣ್ಣ ಗಾಳಿಯ ತೇವವನ್ನೆಲ್ಲ ತಾನೇ ಕುಡಿಯುತ್ತೆ. ಒಂದು ಎಚ್ಚರ: ಪಾತ್ರೆ ತುಂಬ ಹಾಕಬೇಡಿ. ತೇವ ಕುಡಿದ ಸುಣ್ಣ ಅರಳಿ ಉಬ್ಬುತ್ತೆ. ನಾನು ಮೊದಲ ಸಲ ಕಂಠಮಟ್ಟ ತುಂಬಿದ್ದೆ. ಹದಿನೈದು ದಿನಕ್ಕೆ ಜಾಲರಿಯೇ ಎದ್ದು, ಪೇಪರ್ ಮೇಲೆಲ್ಲ ಬಿಳಿ ಪುಡಿ. ಅರ್ಧಕ್ಕಿಂತ ಕಡಿಮೆ ಹಾಕಿ. ಕಿಲೋಗೆ 20-25 ರೂಪಾಯಿ ಅಷ್ಟೇ. ಹದಿನಾಲ್ಕು ಸಾವಿರದ ಮಿಷನ್ ಮಾಡದ ಕೆಲಸ.

ಗೊರಬಿನ ವಿಷಯಕ್ಕೆ ಬರ್ತೀನಿ. ನಾಲ್ಕನೇ ವರ್ಷ ಮನೆಯ ಒಂದು ಮೂಲೆಯಲ್ಲಿ ಅಜ್ಜಿಯ ಕಾಲದ ಒಂದು ಗೊರಬು ಸಿಕ್ಕಿತು. ಬಿದಿರಿನ ಹಂದರಕ್ಕೆ ಎಲೆ ಹೊಚ್ಚಿ ಮಾಡಿದ್ದು. ತಲೆಯಿಂದ ಬೆನ್ನಿನವರೆಗೆ ದೋಣಿ ಬೋರಲು ಹಾಕಿದ ಹಾಗೆ ಕೂರುತ್ತೆ. ಅದನ್ನು ತಲೆಗೆ ಹಾಕಿಕೊಂಡು ಕಲ್ಲಿನ ಮೇಲೆ ಕೂತು ಸುಮ್ನೆ ಮುಂದಕ್ಕೆ ಬಾಗಿ ನೋಡಿದೆ. ತೊಡೆಯ ಮೇಲಿನ ಹಲಗೆಗೆ ಒಂದು ಹನಿ ಬೀಳಲಿಲ್ಲ. ಗಾಳಿಗೂ ಹಾರಲ್ಲ, ಏಕೆಂದರೆ ಅದು ನನ್ನ ಮೈಮೇಲೇ ಇದೆ. ಭತ್ತದ ನೆಟ್ಟಿಗೆ ಬಗ್ಗಿ ನಿಲ್ಲುವವರಿಗೆ ಮಾಡಿದ ಸಾಮಾನು, ಚಿತ್ರಕ್ಕೆ ಬಗ್ಗಿ ಕೂರುವವನಿಗೂ ಅಷ್ಟೇ ಸರಿ. ನಾಲ್ಕೈದು ಸಾವಿರ ಛತ್ರಿ-ಈಸೆಲ್‌ಗೆ ಸುರಿದವನಿಗೆ ಉತ್ತರ ಮನೆಯ ಮೂಲೆಯಲ್ಲೇ ಇತ್ತು. ಆದರೆ ಅದರ ಅಂಚು ಉದ್ದ. ಮುಂದಿನ ಅಂಚಿನಿಂದ ಬೀಳುವ ನೀರು ಹಲಗೆ ದಾಟುವ ಹಾಗೆ ಒಂದು ಸಣ್ಣ ಬದಲಾವಣೆ ಮಾಡಿದ್ದೇನೆ. ಅದು ಹೇಗೆ ಅಂತ ಹೇಳಲ್ಲ. ಮೂರು ಸಲ ಒದ್ದೆಯಾದರೆ ನೀವೂ ಕಂಡುಕೊಳ್ತೀರಿ.

ಬಿಡಿಸುವ ಕ್ರಮ ಹೀಗೆ. ಕಾಲು ಶೀಟನ್ನು ಎರಡೂ ಬದಿ ನೆನೆಸಿ ಅಕ್ರಿಲಿಕ್ ಹಲಗೆಗೆ ಅಂಟಿಸ್ತೀನಿ. ಟೇಪ್ ಬೇಡ, ನೀರೇ ಹಿಡಿದುಕೊಳ್ಳುತ್ತೆ. ಬಯಲುಸೀಮೆಯಲ್ಲಿ ಹೀಗೆ ಮಾಡಿದರೆ ಅರ್ಧ ಗಂಟೆಯಲ್ಲಿ ಅಂಚು ಏಳುತ್ತೆ. ನಮ್ಮ ಪುಷ್ಯ ಮಳೆಯಲ್ಲಿ ಎರಡು ಗಂಟೆ ಕೂತರೂ ಪೇಪರ್ ಒದ್ದೆ. ನಾವೆಲ್ಲ ಒಣಗುತ್ತಿಲ್ಲ ಅಂತ ಒದ್ದಾಡುತ್ತಿದ್ದದ್ದು ಅದೇ ಒದ್ದೆಗೆ. ನಾನು ಒಣಗಿಸುವ ಪ್ರಯತ್ನ ಬಿಟ್ಟೆ. ಬಣ್ಣ ದಪ್ಪ, ಬ್ರಷ್‌ನಲ್ಲಿ ನೀರು ಕಡಿಮೆ. ಇದನ್ನು ಕಲಿಯಲು ಒಂದು ತಿಂಗಳು ಹೂಕೋಸುಗಳನ್ನೇ ಬೆಳೆದೆ, ಆಕಾಶದ ತುಂಬ; ನೀರು ನುಗ್ಗಿ ಬಣ್ಣ ತಳ್ಳಿ ಆಗುವ ಹೂಕೋಸಿನಂಥ ಕಲೆ. ನೀರು ಜಾಸ್ತಿ ಇರುವ ಬ್ರಷ್ ತಾಗಿತೋ ಮುಗಿಯಿತು.

ನಿಯಮ ಎರಡೇ. ಮಳೆ ನಕ್ಷತ್ರ ಹುಟ್ಟಿದ ನಾಲ್ಕನೇ ದಿನವೇ ಬಿಡಿಸಬೇಕು, ಏನಾದರೂ ಆಗಲಿ. ಮೊದಲು "ಒಳ್ಳೆ ದಿನ ನೋಡಿ" ಅಂತ ಇಟ್ಟುಕೊಂಡಿದ್ದೆ. ಒಳ್ಳೆ ದಿನ ಬರಲೇ ಇಲ್ಲ, ಮಳೆಯೇ ಮುಗಿದುಹೋಗುತ್ತಿತ್ತು. ಎರಡನೆಯದು, ಮನೆಯಲ್ಲಿ ಕೂತು ತಿದ್ದುವ ಹಾಗಿಲ್ಲ. ಎರಡನೇ ಪದರ ಬೇಕಾದರೆ ಒಣಗಿಸಿ, ಮತ್ತೆ ಅದೇ ಕಲ್ಲಿಗೆ ಹೋಗಿ ಹಾಕಬೇಕು.

ಒಣಗಿಸೋದು ಬಚ್ಚಲು ಒಲೆಯ ಮೇಲಿನ ಅಟ್ಟದಲ್ಲಿ. ಮಳೆಗಾಲದಲ್ಲಿ ನಮ್ಮ ಒಲೆ ಆರಲ್ಲ. ಮೊದಲ ಎರಡು ಚಿತ್ರ ಹೊಗೆಗೆ ಹಳದಿಯಾದವು. ಆಮೇಲೆ ಅಡ್ಡ ಒಂದು ಬಿಳಿ ಪಂಚೆ ಕಟ್ಟಿದೆ. ಈಗ ಚಿತ್ರ ಬೆಳ್ಳಗೆ, ಪಂಚೆ ಕಂದು. "ಮನೆಯಲ್ಲಿ ಬೇರೆ ಹಳೆ ಪಂಚೆ ಸಿಗ್ತಿರಲಿಲ್ವಾ ನಿಮಗೆ? ಮದುವೆಗೆ ಉಟ್ಟಿದ್ದೇ ಬೇಕಿತ್ತಾ?" ಅಂತ ಮನೆಯವಳು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಪೂರ್ತಿ ಒಣಗಲು ಮೂರು ದಿನ ಬೇಕು. ಇಲ್ಲೇ ನನಗೆ ಒಂದು ವಿಷಯ ಗೊತ್ತಾಗಿದ್ದು. ಕಲ್ಲಿನ ಮೇಲಿಂದ ಏಳುವಾಗ ಪ್ರತಿ ಸಲವೂ ತಲೆಯಲ್ಲಿ ಒಂದು ಪಟ್ಟಿ ಇರುತ್ತಿತ್ತು. ಬೆಟ್ಟದ ಬುಡ ಕಪ್ಪು ಮಾಡಬೇಕು, ಎಡಗಡೆ ಬಾಳೆ ಸರಿಯಿಲ್ಲ, ನೀರಿನ ಹೊಳಪು ಕೂತಿಲ್ಲ. ಆ ಪಟ್ಟಿ ಇಟ್ಟುಕೊಂಡು ಮೂರು ದಿನ ತೋಟದ ಕೆಲಸ ಮಾಡೋದು, ಬಸಿಗಾಲುವೆ ಬಿಡಿಸೋದು, ಬಿದ್ದ ಎಳೆಗಾಯಿ ನೋಡಿ ಅಡಿಕೆಗೆ ಕೊಳೆರೋಗ ಬಂತಾ ಅಂತ ಹೆದರೋದು. ನಾಲ್ಕನೇ ದಿನ ಅಟ್ಟದಿಂದ ಇಳಿಸಿ ನೋಡಿದರೆ ಪಟ್ಟಿಯಲ್ಲಿದ್ದ ತಪ್ಪು ಕಾಣುತ್ತಿರಲಿಲ್ಲ. ರೋಹಿಣಿಯಿಂದ ವಿಶಾಖದವರೆಗಿನ 13 ಚಿತ್ರದಲ್ಲಿ ಎರಡನೇ ಪದರ ಹಾಕಿದ್ದು ನಾಲ್ಕಕ್ಕೆ ಮಾತ್ರ. ಅದರಲ್ಲೂ ಎರಡನ್ನು ಹಾಕಿಯೇ ಹಾಳು ಮಾಡಿದೆ. ಡ್ರೈಯರ್ ಹಿಡಿದು ಐದು ನಿಮಿಷಕ್ಕೆ ಒಣಗಿಸುತ್ತಿದ್ದ ಕಾಲದಲ್ಲಿ ಎಷ್ಟು ಚಿತ್ರ ಹೀಗೆ ಹೋದವೋ, ಲೆಕ್ಕ ಇಟ್ಟಿಲ್ಲ. ಮಗನಿಗೆ ಫೋನಿನಲ್ಲಿ ಬೈಯೋದು ಬಾಕಿ ಇದ್ದರೂ ಈಗ ಆ ಬೈಗುಳವನ್ನೂ ಮೂರು ದಿನ ಅಟ್ಟದ ಮೇಲಿಡ್ತೀನಿ.

ಪುನರ್ವಸುವಿನ ಕಥೆ ಹೇಳಲೇಬೇಕು. ಆ ಸಲ ಬೆಟ್ಟ ಮಾಯವಾಗಿತ್ತು. ಉತ್ಪ್ರೇಕ್ಷೆ ಅಲ್ಲ, ಹತ್ತು-ಹನ್ನೊಂದು ದಿನ ಬೆಟ್ಟ ಅನ್ನೋದೇ ಕಾಣಲಿಲ್ಲ. ನಾಲ್ಕನೇ ದಿನ ಹೋಗಿ ಕೂತೆ. ಎದುರಿಗೆ ಬಿಳಿ. ಗದ್ದೆಯೂ ನಾಲ್ಕು ಮಾರಿನಾಚೆ ಬಿಳಿ. ಅರ್ಧ ಗಂಟೆ ಬ್ರಷ್ ನೆನೆಸಲಿಲ್ಲ. ಬೆಟ್ಟ ಎಲ್ಲಿದೆ ಅಂತ ಗೊತ್ತಲ್ಲ, ನೆನಪಿನಿಂದ ಬಿಡಿಸಿಬಿಡೋಣ ಅನ್ನಿಸಿತು. ಅಷ್ಟರಲ್ಲಿ ನೆಟ್ಟಿಯವರು ಬಂದರು. ಈಗ ಯಾರೂ ಗೊರಬು ಹಾಕಲ್ಲ, ಎಲ್ಲರದ್ದೂ ಪ್ಲಾಸ್ಟಿಕ್ ಕೊಪ್ಪೆ. ನೀಲಿ ಮೂರು, ಹಳದಿ ಎರಡು, ಗೊಬ್ಬರ ಚೀಲದ ಬಿಳಿ ಎರಡು. ಸಾಲಾಗಿ ಬಗ್ಗಿ ಹಿಂದೆ ಹಿಂದೆ ಸರಿಯುತ್ತ ಬಿಳಿಯಿಂದ ನನ್ನ ಕಡೆಗೇ ಬರುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಗುರುತು ಹಾಕಿದೆ, ಬ್ರಷ್ ಒಂದೇ ಸಲ ಒತ್ತಿ ಎತ್ತಿದ್ದು. ಗೊಬ್ಬರ ಚೀಲದ ಬಿಳಿಗೆ ಪೇಪರನ್ನೇ ಬಿಟ್ಟು, ಕೆಳಗೆ ಕಾಲಿನ ಜಾಗಕ್ಕೆ ಸ್ವಲ್ಪ ಕೆಮ್ಮಣ್ಣು. ಹನ್ನೆರಡು ನಿಮಿಷ ಆಗಿರಬಹುದು. ಉಳಿದದ್ದೆಲ್ಲ ಖಾಲಿ. ನೋಡಿದವರೆಲ್ಲ ಕೇಳುವುದು ಅದನ್ನೇ. ಒಬ್ಬರು ಹದಿನೈದು ಸಾವಿರಕ್ಕೆ ಕೇಳಿದರು, ಕೊಡಲಿಲ್ಲ. ನಾನು ಬೇಡ ಅನ್ನುವಷ್ಟು ದೊಡ್ಡ ಮನುಷ್ಯನಾದೆ ಅಂತ ಆ ದಿನ ಸ್ವಲ್ಪ ಜಂಬವೂ ಬಂತು.

ಪುಷ್ಯದ ಚಿತ್ರಕ್ಕೆ ಬೇರೆಯದೇ ಮುದ್ರೆ ಬಿದ್ದಿದೆ. ಪಕ್ಕದ ತೋಟದಲ್ಲಿ ಎರಡನೇ ಸಲದ ಬೋರ್ಡೋ, ಅಂದರೆ ಕೊಳೆರೋಗಕ್ಕೆ ಹಾಕುವ ಮೈಲುತುತ್ತ-ಸುಣ್ಣದ ಔಷಧಿ, ಹೊಡೆಯುತ್ತಿದ್ದರು. ಮಳೆ ಬಿಟ್ಟ ಎರಡು ತಾಸಿನಲ್ಲಿ ಮುಗಿಸುವ ಅವಸರ. ಗಾಳಿ ತಿರುಗಿ ಮೈಲುತುತ್ತದ ಹನಿ ಬಲ ಮೂಲೆಗೆ ಸಿಡಿಯಿತು. ತಿಳಿನೀಲಿ ಚುಕ್ಕೆ, ಸುಣ್ಣದ ಬಿಳಿ ಅಂಚು. ತೊಳೆಯಲು ಹೋಗಲಿಲ್ಲ. ಅಡಿಕೆಯವರು ಅದನ್ನು ನೋಡಿದ ತಕ್ಷಣ "ಔಷಧಿ ಹೊಡೆದ ವಾರ" ಅಂತಾರೆ. ಬೆಂಗಳೂರಿನವರು "ಈ ಟೆಕ್ಸ್ಚರ್ ಹೇಗೆ ತಂದ್ರಿ?" ಅಂತಾರೆ. ನಾನು ಸುಮ್ನೆ ನಗ್ತೀನಿ.

ಬಣ್ಣದ ಹುಚ್ಚಿನ ಬಗ್ಗೆ ಸ್ವಲ್ಪ. ಟ್ಯೂಬ್‌ನ ದುಡ್ಡು ಉಳಿಸಲು ಶುರುವಾಗಿದ್ದು, ಆಮೇಲೆ ಅದೇ ಖರ್ಚಾಯಿತು. ನಮ್ಮ ಕಡೆ ಹಸೆ ಚಿತ್ತಾರ ಬರೆಯುವ ದೀವರ ಹೆಂಗಸರು ಕೆಮ್ಮಣ್ಣು, ಅಕ್ಕಿ ಹಿಟ್ಟು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಇಷ್ಟರಲ್ಲೇ ಗೋಡೆ ತುಂಬಿಸ್ತಾರೆ, ಅದೂ ಪುಂಡಿ ನಾರಿನ ಕುಂಚದಲ್ಲಿ. ನಾನೂ ಜಂಬಿಟ್ಟಿಗೆ ಗುಂಡಿಯ ಮಣ್ಣು ತಂದು ನೀರಿನಲ್ಲಿ ಕದಡಿ, ಮೇಲಿನ ತಿಳಿಗೆಂಪನ್ನು ಬೇರೆ ಪಾತ್ರೆಗೆ ಬಸಿದು, ಕೆಳಗೆ ಕೂತ ಮರಳು ಚೆಲ್ಲಿ, ಹೀಗೆ ಐದಾರು ಸಲ ಮಾಡಿದೆ. ಕೊನೆಗೆ ಉಳಿಯುವ ಗಸಿ ಬೆಣ್ಣೆಯಷ್ಟು ನಯ. ಗಮ್ ಅರೇಬಿಕ್ ಅನ್ನೋ ಮರದ ಅಂಟು, ಚೂರು ಜೇನು, ಒಂದು ಹನಿ ಲವಂಗದೆಣ್ಣೆ ಹಾಕಿ ಅರೆದರೆ ಆಯಿತು. ಹಳದಿ ಮಣ್ಣನ್ನು ಕಬ್ಬಿಣದ ಬಾಣಲೆಯಲ್ಲಿ ಹುರಿದೆ. ಕಣ್ಣೆದುರೇ ಕೆಂಪಾಗುತ್ತ ಬಂತು. ಹುರಿಯುವ ಹೊತ್ತು ಹೆಚ್ಚುಕಮ್ಮಿ ಮಾಡಿ ಒಂದೇ ಮಣ್ಣಿನಿಂದ ನಾಲ್ಕು ಬಣ್ಣ ಮಾಡಿಕೊಂಡೆ. ಬಾಣಲೆ ಮತ್ತೆ ಅಡುಗೆಮನೆಗೆ ಹೋಗಲಿಲ್ಲ.

ಅರಿಶಿನ ಮಾತ್ರ ಮುಟ್ಟಬೇಡಿ. ಅರ್ಧ ಮುಚ್ಚಿ ಕಿಟಕಿಗೆ ಅಂಟಿಸಿಟ್ಟರೆ ಎರಡೇ ವಾರದಲ್ಲಿ ಬಿಸಿಲಿಗೆ ಹೋಯಿತು. ಸೊಪ್ಪಿನ ಹಸಿರೂ ಅಷ್ಟೇ. ಮುರುಗಲು ರಸ ಬಿಡಿಸುವಾಗ ಕಣ್ಣು ಕುಕ್ಕುವಂಥ ಕೆಂಪು, ತಿಂಗಳಿಗೆ ಹಳೆ ಸಾರಿನ ಕಲೆ. ನಿಂತದ್ದು ಅಡಿಕೆ ಚೊಗರು. ಅಡಿಕೆ ಬೇಯಿಸಿ ಉಳಿಯುವ ಆ ಮಂದ ಕೆಂಗಂದು ರಸವನ್ನು ನಾವು ಅಡಿಕೆಗೇ ಬಣ್ಣ ಬರಲಿ ಅಂತ ಹಾಕ್ತೀವಲ್ಲ, ಅದೇ. ಒಂದು ತುಕ್ಕು ಹಿಡಿದ ಮೊಳೆ ಹಾಕಿ ರಾತ್ರಿ ಬಿಟ್ಟರೆ ಕಪ್ಪಾಗುತ್ತೆ, ಮಳೆ ಬಂದ ಮರದ ಕಾಂಡದ್ದೇ ಕಪ್ಪು. ಆದರೆ ಹಾಗೇ ಬಳಸಿದರೆ ಪೇಪರ್ ಮೇಲೆ ಅಂಟಂಟು ಉಳಿಯುತ್ತೆ. ಅಂಟು ಹೋಗಲು ನಾನೊಂದು ಬೆರೆಸ್ತೀನಿ, ಎಷ್ಟು ಅನ್ನೋದೂ ಮುಖ್ಯ. ಅದನ್ನು ಇಲ್ಲಿ ಬರೆಯಲ್ಲ. ಒಂದು ಸುಳಿವು: ಅಂಗಡಿಗೆ ಹೋಗಬೇಕಾಗಿಲ್ಲ.

ಮಳೆಗಾಲ ದಾಟಿದರೆ ಗೆದ್ದೆ ಅಂದುಕೊಂಡಿದ್ದೆ. ಸೋಲುವ ಹಾಗಾಗಿದ್ದು ಬೇಸಗೆಯಲ್ಲಿ. ಕೊಯ್ಲಾಗಿ, ಹುಲ್ಲು ಬಣವೆ ಸೇರಿ, ಗದ್ದೆ ಬೋಳು. ಧನಿಷ್ಠಾ, ಶತಭಿಷ, ಪೂರ್ವಾಭಾದ್ರಾ, ಅಂದರೆ ಫೆಬ್ರವರಿ-ಮಾರ್ಚ್. ಎಲ್ಲ ಸ್ಪಷ್ಟ, ಎಲ್ಲ ಕಂದು, ದರಕು, ಅಂದರೆ ಒಣ ಎಲೆ, ಗುಡಿಸುವವರ ಸದ್ದು ಬಿಟ್ಟರೆ ಏನೂ ಇಲ್ಲ. ಬ್ರಷ್ ಎತ್ತುವುದರೊಳಗೆ ವಾಷ್, ಅಂದರೆ ತೆಳು ಬಣ್ಣದ ಪದರ, ಒಣಗುತ್ತೆ. ಮಳೆಯಲ್ಲಿ ಪಳಗಿದ ಕೈ ಬಿಸಿಲಿನಲ್ಲಿ ಹೊಸಬನ ಕೈಯಾಯಿತು. ಶತಭಿಷದ ನಾಲ್ಕನೇ ದಿನ ಹೋಗದೆ ಇರಲು ನೆವ ಹುಡುಕಿದೆ, ಯಾರದೋ ಗೃಹಪ್ರವೇಶ ಇತ್ತು. ಊಟ ಮುಗಿಸಿ ಸಂಜೆ ಐದಕ್ಕೆ ಹೋಗಿ ಕೂತೆ. ಕೆಟ್ಟ ಚಿತ್ರ. 27ರಲ್ಲಿ ಅತಿ ಕೆಟ್ಟದ್ದು ಅದೇ, ಆದರೂ ತೆಗೆದಿಲ್ಲ.

ಈ ಮೂರನ್ನೂ ಜಗಲಿಯಲ್ಲಿ ಪಕ್ಕಪಕ್ಕ ಇಟ್ಟಾಗ ಮಗಳು ಕೇಳಿದಳು, "ಅಪ್ಪಯ್ಯಾ, ಈ ಮರ ಎಲ್ಲಿ ಹೋಯ್ತು?" ನೋಡಿದರೆ ಹೌದು. ಧನಿಷ್ಠಾದಲ್ಲಿ ಬೆಟ್ಟದ ನೆತ್ತಿಯ ಬಲಕ್ಕೆ ಒಂದು ಹೊನ್ನೆ ಮರ ಇದೆ. ಶತಭಿಷದಲ್ಲೂ ಇದೆ, ಕೆಟ್ಟದಾಗಿ. ಪೂರ್ವಾಭಾದ್ರಾದಲ್ಲಿ ಅಲ್ಲಿ ಬರೀ ಆಕಾಶ. ಬಿಡಿಸುವಾಗ ನನಗೆ ಗೊತ್ತೇ ಆಗಿರಲಿಲ್ಲ, ಕಂಡದ್ದನ್ನು ಬಿಡಿಸಿದ್ದೆ ಅಷ್ಟೇ. ಮಾರನೇ ದಿನ ಹತ್ತಿ ನೋಡಿದೆ. ಬುಡ ಇತ್ತು, ಕೆಂಪು ಅಂಟು ಸೋರಿ ಒಣಗಿತ್ತು. ಚಿಕ್ಕಂದಿನಿಂದ ನೋಡಿದ ಮರ. ಹದಿನೈದು ದಿನ ಅದಿಲ್ಲದೆಯೂ ಬೆಟ್ಟ ನನಗೆ ಬೆಟ್ಟದ ಹಾಗೇ ಕಂಡಿತ್ತು ಅನ್ನೋದು ಈಗಲೂ ಒಂಥರಾ ಆಗುತ್ತೆ.

ದುಡ್ಡಿನ ಲೆಕ್ಕ ಕೇಳ್ತೀರಿ ಅಂತ ಗೊತ್ತು. ನಾಲ್ಕು ವರ್ಷಕ್ಕೆ ಸುಮಾರು 60-65 ಸಾವಿರ ಹೋಗಿದೆ. ಅದರಲ್ಲಿ ಕೊನೆಯ ವರ್ಷದ್ದು, ಅಂದರೆ ಗೆದ್ದ ವರ್ಷದ್ದು, ಒಂಬತ್ತು ಸಾವಿರ ದಾಟಿಲ್ಲ. ಬಂದದ್ದು: ಬೆಂಗಳೂರಿನ ಚಿತ್ರಸಂತೆಗೆ ಸಣ್ಣ ಸಣ್ಣ ಅಭ್ಯಾಸದ ಚಿತ್ರ ಒಯ್ದಿದ್ದೆ, ಕುಮಾರಕೃಪಾ ರಸ್ತೆಯ ಜನಜಂಗುಳಿಯಲ್ಲಿ ಒಂದು ದಿನಕ್ಕೆ 23 ಹೋದವು, 18 ಸಾವಿರದಷ್ಟು. ನಗರದ ಒಂದು ಗ್ಯಾಲರಿಗೆ ಎಂಟು ಚಿತ್ರ ಕೊಟ್ಟೆ. ಮೂರು ಮಾರಿದರು, ಮೂರನೇ ಒಂದು ಪಾಲು ಹಿಡಿದುಕೊಂಡರು, ಉಳಿದದ್ದಕ್ಕೆ ಎಂಟು ತಿಂಗಳು ಫೋನ್ ಮಾಡಿಸಿದರು. ಮರಳಿ ಬಂದ ಐದರಲ್ಲಿ ಒಂದಕ್ಕೆ ಬೂಸ್ಟು. ನಮ್ಮ ಮಳೆಯಲ್ಲಿ ಹಿಡಿಯದ ಬೂಸ್ಟು ಅವರ ಏಸಿ ಕೋಣೆಯಲ್ಲಿ ಹಿಡಿಯಿತು! ಇಪ್ಪತ್ತೇಳರ ಸರಣಿಯನ್ನು ಬಿಡಿಬಿಡಿಯಾಗಿ ಕೊಡಲ್ಲ ಅಂತ ಕೂತಿದ್ದೇನೆ. ಮನೆಯಲ್ಲಿ ಇದಕ್ಕೆ ಪೂರ್ತಿ ಒಪ್ಪಿಗೆ ಇಲ್ಲ.

ಬೇಲಿಯಾಚೆ ನಕ್ಕಿದ್ದವರು ಮಘೆ ಮಳೆಯಲ್ಲಿ ಒಂದು ದಿನ ಹಿಂದೆ ಬಂದು ನಿಂತರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಮ್ಮ ಗದ್ದೆ ಅಂಚು ಒಡೆದಿದ್ಯಲ್ಲ, ಅದನ್ನೂ ಹಾಕಿದ್ಯಾ?" ಅಂದರು. ಹಾಕಿದ್ದೆ. "ನೋಡು, ನಾನು ನೋಡಿರಲೇ ಇಲ್ಲ," ಅಂತ ಗುದ್ದಲಿ ತರಲು ಹೋದರು. ಚಿತ್ರ ಹೇಗಿದೆ ಅಂತ ಇವತ್ತಿನವರೆಗೂ ಹೇಳಿಲ್ಲ.

ಈ ವರ್ಷ ಮತ್ತೆ ಶುರು ಮಾಡಬೇಕು, ಈ ಸಲ ಬೆಟ್ಟದ ಮೇಲಿಂದ ಮನೆ ಕಡೆಗೆ ನೋಡಿ. ಆದರೆ ಗೊರಬಿನ ಅಂಚನ್ನು ಇಲಿ ಕಡಿದಿದೆ. ಹೊಸದು ಕಟ್ಟುವವರು ನಮ್ಮ ಸುತ್ತಮುತ್ತ ಒಬ್ಬರೇ ಉಳಿದಿರೋದು, ವಯಸ್ಸಾಗಿದೆ, ಕಣ್ಣು ಮಂಜು. 900 ಮುಂಗಡ ಕೊಟ್ಟು ಬಂದಿದ್ದೇನೆ. ರೋಹಿಣಿಗೆ ಕೊಡಕ್ಕಾಗಲ್ಲ, ಮೃಗಶಿರ ಹುಟ್ಟುವಷ್ಟರಲ್ಲಿ ನೋಡೋಣ ಅಂದಿದ್ದಾರೆ.